ಅಂಚಿನ ಕೊಳೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದುಗಡೆ
ರಟ್ಟು ಹಾಕುವವನು ನಾನು.
ಇಂಗ್ಲಿಷು ಓದಲು ಬಾರದು.
ಆದರೆ ಪುಸ್ತಕವನ್ನು ಮಗ್ಗುಲಿಗೆ ಹಿಡಿದು ನೋಡಿದರೆ
ಹಿಂದಿನವರು ಎಲ್ಲಿಯವರೆಗೆ ನಡೆದರು, ಎಲ್ಲಿ ಕೂತುಬಿಟ್ಟರು
ಅಂಚಿನ ಕೊಳೆಯೇ ಹೇಳುತ್ತದೆ.
ನಲವತ್ತು ಪುಟ ಕಂದು, ಆಮೇಲೆಲ್ಲ ಬಿಳುಪು:
ಹೆಚ್ಚಿನವರ ಓದು ಇಷ್ಟೇ ಸ್ವಾಮಿ,
ವೇದಾಂತವಾದರೂ ಅಷ್ಟೆ, ವಕೀಲಿಯಾದರೂ ಅಷ್ಟೆ.

ಬುಧವಾರ ರೀಲರ್ ಖಲೀಲ್ ಸಾಬರ ಮಗಳು ಮುಬೀನಾ
ಗೋಣಿಚೀಲ ತಂದು ನನ್ನ ಚಾಪೆಯ ಮೇಲೆ ಸುರಿದಳು.
ವಿಮಾನ ನಡೆಸುವವರು ಬರೆಯಬೇಕಾದ ಪರೀಕ್ಷೆಯವು,
ಯಾರ್ಯಾರೋ ಓದಿ ಮಾರಿದವು, ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂದವು.
"ಹವಾಮಾನಕ್ಕೆ ಎರಡೇ ಇಟ್ಕೋತೀನಿ ಅಂಜಿನಪ್ಪಣ್ಣ,
ಉಳಿದದ್ದು ವಾಪಸ್. ಅಷ್ಟಕ್ಕೇ ದುಡ್ಡು."

ಕೆಂಪು ರಟ್ಟಿನದು, ಬರೀ ಪ್ರಶ್ನೆ, ಬರೀ ಉತ್ತರ.
"ಹೋದ ಸಲ ಇದನ್ನೇ ಉರು ಹೊಡೆದೆ.
ಅರವತ್ತಾರು ಬಂತು. ಎಪ್ಪತ್ತು ಬೇಕು."
ನುಣುಪು ಕಾಗದದ ಸೀಮೆ ಪುಸ್ತಕ, ತಿರುವಿದಲ್ಲೆಲ್ಲ ಹಿಮ.
"ಇದರಲ್ಲಿ ನಮ್ಮ ಮುಂಗಾರಿಗೆ ಒಂದೂವರೆ ಪುಟ."
ಸುರುಳಿ ತಂತಿಯ ಜೆರಾಕ್ಸು,
ನಕಲಿನ ನಕಲಿನ ನಕಲು,
ಗಾಳಿಯ ಬಾಣಗಳೆಲ್ಲ ಅಳಿಸಿ
ಯಾವ ಕಡೆಯಿಂದ ಬೀಸುತ್ತಿದೆಯೋ ದೇವರೇ ಬಲ್ಲ.
ಕೊನೆಯದು ಬೆನ್ನು ಮುರಿದ ದಪ್ಪ ಪುಸ್ತಕ.

"ಇದು ಓಬೀರಾಯನ ಕಾಲದ್ದಲ್ಲವೇನಮ್ಮ?"
"ಕಾನೂನಿನದು ಹಳೇದಾದರೆ ಬಿಸಾಕಬೇಕು ಅಣ್ಣ.
ಗಾಳಿಗೆ ತಿದ್ದುಪಡಿ ತರೋರು ಯಾರು?"
ಅಂದಳೇ ಹೊರತು ಅವಳ ಕೈ
ಮತ್ತೆ ಮತ್ತೆ ಕೆಂಪಿನ ಕಡೆಗೇ ಹೋಗುತ್ತಿತ್ತು.

ಅಷ್ಟರಲ್ಲಿ ಖಲೀಲ್ ಸಾಬರು ಬಂದರು,
ಬೇಯಿಸಿದ ಗೂಡಿನ ವಾಸನೆ ಮುಂದೆ, ಅವರು ಹಿಂದೆ.
ಹರಾಜಿನಲ್ಲಿ ಗೂಡನ್ನು ಕಿವಿಗಿಟ್ಟು ಕುಲುಕುವಂತೆ
ಆ ಮುರುಕು ಪುಸ್ತಕವನ್ನು ಎತ್ತಿ ಕುಲುಕಿದರು, ತಮಾಷೆಗೆ.
ಒಂದು ಚೀಟಿ ಬಿತ್ತು.
ಪೆನ್ಸಿಲಿನಲ್ಲಿ ಮೂರು ಅಂಕಿ, ಒಂದರ ಕೆಳಗೊಂದು:
ಐವತ್ತೆಂಟು.
ಅರವತ್ತಮೂರು.
ಅರವತ್ತೊಂಬತ್ತು.
ಯಾರೂ ಮಾತಾಡಲಿಲ್ಲ.

ನಾನು ಪುಸ್ತಕವನ್ನು ಮಗ್ಗುಲಿಗೆ ತಿರುಗಿಸಿದೆ.
ಕೊಳೆ ಕೊನೆಯ ಪುಟದವರೆಗೂ ಇತ್ತು!
ನಡುವೆ ಒಂದು ಕಡೆ ಮಾತ್ರ ಗೆರೆ ಎಳೆದಂತೆ ಕಪ್ಪು.
ಅಲ್ಲಿಗೆ ಬೆರಳು ಹಾಕಿ ತೆರೆದರೆ
ಬೆಟ್ಟದ ಚಿತ್ರ, ನೆತ್ತಿ ಬಯಲು, ಬುಡದಲ್ಲಿ ಮೋಡ.
ಪಕ್ಕದಲ್ಲಿ ಪೆನ್ಸಿಲು: "ಯಾಕೆ?"
ಅಷ್ಟು ಇಂಗ್ಲಿಷಿನ ನಡುವೆ
ನನಗೆ ಓದಲು ಬಂದ ಒಂದೇ ಮಾತು.

ಮುಬೀನಾ ಬಗ್ಗಿ ನೋಡಿದಳು.
ನಂದಿ ಬೆಟ್ಟದ ಕಡೆ ತಿರುಗಿದಳು, ಗೋಡೆ ಅಡ್ಡವಿದ್ದರೂ.
"ರಾತ್ರಿಯೆಲ್ಲ ತಣ್ಣಗಿನ ಗಾಳಿ ಕೆಳಕ್ಕೆ ಇಳಿದು ಕೂರುತ್ತೆ.
ಆಮೇಲೆ... ಹುಳು ಸಾಕೋ ಮನೇಲಿ
ಎರಡು ಗಾಜಿನ ಕಡ್ಡಿ ನೇತಾಕಿರ್ತಾರಲ್ಲ ಅಣ್ಣ,
ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ?
ಎರಡೂ ಒಂದೇ ಅಂಕಿ ತೋರಿಸಿದ ದಿನ
ಕಿಟಕಿ ತೆಗೀರಿ, ಸೊಪ್ಪು ಒದ್ದೆಯಾಗುತ್ತೆ ಅಂತ ಕೂಗಾಡ್ತಾರಲ್ಲ?
ಅದೇ ಇದು. ಎರಡೂ ಒಂದಾದ ಕಡೆ ಮೋಡ."
ಆಮೇಲೆ ತನ್ನಷ್ಟಕ್ಕೇ, ಸಣ್ಣಗೆ,
"ಕೆಂಪು ಪುಸ್ತಕದಲ್ಲಿ ಇದಕ್ಕೆ ಉತ್ತರ ಸಿ. ಬರೀ ಸಿ."

ಕೆಂಪನ್ನೂ ಬಿಡಲಿಲ್ಲ ಹುಡುಗಿ.
ಪರೀಕ್ಷೆ ಪರೀಕ್ಷೆಯೇ ತಾನೆ.
ಹಿಮದ್ದನ್ನೂ ಜೆರಾಕ್ಸನ್ನೂ ಚೀಲಕ್ಕೆ ತುಂಬಿ
ಖಲೀಲ್ ಸಾಬರು ಹೆಗಲಿಗೇರಿಸಿದರು.

ರಾತ್ರಿ ಆ ಮುರುಕು ಬೆನ್ನಿಗೆ ಹೊಸ ದಾರ ಹಾಕಿದೆ,
ಮೈದಾ ಅಂಟು, ಕ್ಯಾಲಿಕೋ ಬಟ್ಟೆ.
ರಟ್ಟಾದ ಮೇಲೆ ಮೂರು ಕಡೆ ಅಂಚು ಕತ್ತರಿಸುವುದು ವಾಡಿಕೆ,
ಪುಸ್ತಕ ಹೊಸದರಂತೆ ಬೆಳ್ಳಗಾಗುತ್ತದೆ,
ಗಿರಾಕಿಗೂ ಖುಷಿ.
ಕತ್ತಿ ಇಳಿಸಲು ಹೋದವನು ನಿಲ್ಲಿಸಿದೆ.

ಆ ಅರವತ್ತೊಂಬತ್ತು ನಾಲ್ಕನೆಯ ಸಲ ಬರೆಯಿತೋ ಇಲ್ಲವೋ.
ಪಾರ್ಸೆಲ್ಲಿನ ಮೇಲೆ ಹಿರಿಯೂರು ಅಂತಿತ್ತು, ಹೆಸರು ಒದ್ದೆಯಾಗಿ ಹರಡಿತ್ತು.
ಚೀಟಿಯನ್ನು ಬೆಟ್ಟದ ಪುಟಕ್ಕೇ ಸೇರಿಸಿ
ಹೊಲಿದುಬಿಟ್ಟಿದ್ದೇನೆ.